ಮಕ್ಕಳಿಗೆ ಪಿನ್ ಟ್ರೇಡಿಂಗ್ ಶುರು ಮಾಡಿಸೋದು ಹೇಗೆ? ಆರ್ಲ್ಯಾಂಡೊಗೆ ಹೊರಡೋ ಮುಂಚೆ ಸ್ವಲ್ಪ ತಿಳಿಸಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮಾರ್ಚ್ ರಜೆಗೆ ಆರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀವಿ, ಪಾರ್ಕಿನಲ್ಲಿ ಐದು ದಿನ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಊರಿಂದ ಅತ್ತೆ, ಮಾವನೂ ಬರ್ತಿದ್ದಾರೆ. ಮಕ್ಕಳ ಕೈಲಿ ಪಿನ್ ಟ್ರೇಡಿಂಗ್, ಅಂದರೆ ಡಿಸ್ನಿ ಚಿತ್ರಗಳ ಲೋಹದ ಪಿನ್ ಕೊಟ್ಟು ಬೇರೆಯದನ್ನ ಬದಲಾಯಿಸಿಕೊಳ್ಳೋ ಆಟ, ಮಾಡಿಸೋಣ ಅಂತ ಆಸೆ, ಆದರೆ ಅದರ ರೀತಿನೀತಿ ಗೊತ್ತಿಲ್ಲ. ಎಷ್ಟು ಪಿನ್ ಬೇಕಾಗುತ್ತೆ, ಎಲ್ಲಿ ಕೊಂಡರೆ ಒಳ್ಳೇದು, ಯಾರ ಹತ್ತಿರ ಬದಲಾಯಿಸಬೇಕು? ಆನ್‌ಲೈನ್‌ನಲ್ಲಿ 50 ಪಿನ್‌ನ ಪೊಟ್ಟಣ 30 ಡಾಲರ್ ಆಸುಪಾಸಿಗೆ ಕಾಣಿಸ್ತಿದೆ. ಪಾರ್ಕಿನ ಅಂಗಡಿಯಲ್ಲಿ ಒಂದೇ ಪಿನ್ನಿಗೆ ಹತ್ತು ಡಾಲರ್ ಮೇಲೆ ಅಂತಾರೆ. ಇಷ್ಟೊಂದು ಅಂತರ ಯಾಕೆ ಅನ್ನೋದೂ ಅರ್ಥ ಆಗ್ತಿಲ್ಲ.

ಪಿನ್ ಪೆಟ್ಟಿಗೆ:

ಪದ್ಧತಿ ಮೊದಲು ಹೇಳಿಬಿಡ್ತೀನಿ, ಬೆಲೆಯ ವಿಚಾರ ದೊಡ್ಡದು, ಆಮೇಲೆ ಬರ್ತೀನಿ.

ಡಿಸ್ನಿ ವರ್ಲ್ಡ್‌ನಲ್ಲಿ ಇದು ಶುರುವಾಗಿದ್ದು 1999ರ ಅಕ್ಟೋಬರ್‌ನಲ್ಲಿ, ಹೊಸ ಸಹಸ್ರಮಾನದ ಸಂಭ್ರಮಾಚರಣೆಯ ಜೊತೆಗೆ. ಮರುವರ್ಷ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೂ ಬಂತು. ಅಲ್ಲಿನ ಸಿಬ್ಬಂದಿಗೆ ಕಾಸ್ಟ್ ಮೆಂಬರ್ ಅಂತ ಹೆಸರು. ಅವರಲ್ಲಿ ಕೆಲವರು ಪಿನ್ ಚುಚ್ಚಿದ ಲ್ಯಾನ್ಯಾರ್ಡ್, ಅಂದರೆ ಕೊರಳ ಪಟ್ಟಿ, ಹಾಕಿಕೊಂಡಿರ್ತಾರೆ. ಹಲವು ಅಂಗಡಿಗಳಲ್ಲಿ, ಡಿಸ್ನಿಯದೇ ಹೋಟೆಲುಗಳಲ್ಲಿ ಪಿನ್ ಬೋರ್ಡ್ ಇರುತ್ತೆ, ಕೆಲವು ಕಡೆ ಕೇಳಿದ ಮೇಲೆ ಕೌಂಟರಿನ ಕೆಳಗಿಂದ ತೆಗೆದು ತೋರಿಸ್ತಾರೆ. ಹಾಗಾಗಿ ಬೋರ್ಡ್ ಕಾಣಿಸದಿದ್ದರೂ ಒಂದು ಮಾತು ಕೇಳಿ ನೋಡಿ.

ನಿಮ್ಮ ಪಿನ್ ಲೋಹದ್ದಾಗಿರಬೇಕು, ಹಿಂಬದಿಯಲ್ಲಿ ಡಿಸ್ನಿಯ ಹಕ್ಕುಸ್ವಾಮ್ಯದ ಗುರುತು ಅಚ್ಚಾಗಿರಬೇಕು, ಮುರಿದದ್ದು, ಬಣ್ಣ ಹಾರಿದ್ದು ಆಗಿರಬಾರದು. ಪ್ಲಾಸ್ಟಿಕ್, ರಬ್ಬರಿನವು ನಡೆಯೋದಿಲ್ಲ, ಹೆಸರು ಬರೆಸಿದ ಪಿನ್ನೂ ನಡೆಯೋದಿಲ್ಲ. ಒಂದು ಕೊಟ್ಟು ಒಂದು ತಗೋಬೇಕು, ದುಡ್ಡಿನ ಮಾತೇ ಇಲ್ಲ. ಒಬ್ಬ ಕಾಸ್ಟ್ ಮೆಂಬರ್ ಹತ್ತಿರ ಒಬ್ಬರಿಗೆ ಒಂದು ದಿನಕ್ಕೆ ಎರಡು ಪಿನ್ ಮಾತ್ರ. ಅವರ ಲ್ಯಾನ್ಯಾರ್ಡ್‌ನಲ್ಲಿ ಈಗಾಗಲೇ ಇರೋ ಪಿನ್ನನ್ನೇ ನೀವು ಇನ್ನೊಂದು ಕೊಡೋ ಹಾಗಿಲ್ಲ. ಮಕ್ಕಳಿಗೆ ಮುಖ್ಯವಾಗಿ ಹೇಳಿಕೊಡಬೇಕಾದ್ದು ಎರಡು: ಎದುರಿನವರ ಲ್ಯಾನ್ಯಾರ್ಡ್ ಮುಟ್ಟಬಾರದು, ಬೆರಳು ತೋರಿಸಿ ಕೇಳಬೇಕು, ನಮ್ಮ ಪಿನ್ನನ್ನ ಹಿಂದಿನ ಬಿರಡೆ ಹಾಕಿಯೇ ಕೈಗೆ ಕೊಡಬೇಕು, ಮೊನೆ ಚುಚ್ಚಬಾರದಲ್ಲ.

ಇಷ್ಟರೊಳಗೆ ಇದ್ದರೆ ಕಾಸ್ಟ್ ಮೆಂಬರ್ ಇಲ್ಲ ಅನ್ನೋದಿಲ್ಲ. ಮಗು ಯಾವ ಪಿನ್ ಕೊಟ್ಟರೂ ತಗೋತಾರೆ. ಮಕ್ಕಳನ್ನ ಮೊದಲು ಅವರ ಹತ್ತಿರವೇ ಬಿಡಬೇಕು ಅನ್ನೋದು ಇದಕ್ಕೇ.

ಧಾರವಾಡ ಪೇಢಾ:

ಎಷ್ಟು ಒಯ್ಯಬೇಕು ಅಂತ ಕೇಳೀರಿ ಅಲ್ರಿ, ಅದಕ್ಕ ಒಂದು ಲೆಕ್ಕ ಹೇಳತೀನಿ. ಪಿನ್ ಖರ್ಚಾಗೂದಿಲ್ಲ. ಹತ್ತು ಒಯ್ದರ ಹತ್ತೇ ತಿರುಗಿ ಬರತಾವು, ಚಿತ್ರ ಅಷ್ಟ ಬ್ಯಾರೆ. ಮುಂಜಾನೆ ತಗೊಂಡ ಪಿನ್ ಮಧ್ಯಾಹ್ನ ಬ್ಯಾಡ ಅನಿಸಿದ್ರ ಅದನ್ನ ಕೊಟ್ಟು ಇನ್ನೊಂದು ತಗೋಬಹುದು. ಹಿಂಗಾಗಿ ಎಂಟು ವರ್ಷದ ಹುಡುಗಿಗೆ ಹತ್ತರಿಂದ ಹನ್ನೆರಡು, ನಾಲ್ಕು ವರ್ಷದವಗ ಐದು ಸಾಕು. ಐವತ್ತು ಒಯ್ದ್ರ ಹುಡುಗರು ಆರಿಸೂದಿಲ್ರಿ, ಬರೇ ಬದಲಾಯಿಸತಾರ. ಸಂಜಿಕ ಯಾವುದು ಯಾಕ ತಗೊಂಡೆ ಅಂತ ಅವಕ್ಕೂ ನೆನಪಿರೂದಿಲ್ಲ.

ಕೊರಳಾಗಿನ ಪಟ್ಟಿಗೆ ಭಾಳ ಅಂದ್ರ ಎಂಟು ಹಚ್ಚರಿ. ಲೋಹದ ತೂಕ ಅದು, ದಿನವಿಡೀ ಬಿಸಿಲಾಗ ನಡೀಬೇಕಾದ್ರ ಸಣ್ಣವ್ರ ಕುತ್ತಿಗಿ ನೋಯತೈತಿ. ಪಟ್ಟಿ ಹೊಟ್ಟಿತನಕ ಜೋತು ಬಿದ್ದಿದ್ರ ಹಿಂದ ಒಂದು ಗಂಟು ಹಾಕಿ ಎದಿ ಮಟ್ಟಕ್ಕ ಏರಸ್ರಿ. ಕೆಳಗಿದ್ದಷ್ಟೂ ಅಲ್ಲಿ ಇಲ್ಲಿ ತಾಗಿ ಬಿರಡಿ ಕಳಚಿ ಬೀಳತಾವು.

ಕೆಂಗೇರಿ ಗೇಟ್:

ಜಗ್ಗಿದರೆ ತಾನೇ ಬಿಚ್ಚಿಕೊಳ್ಳೋ ಕೊಂಡಿ ಇರೋ ಪಟ್ಟಿನೇ ನೋಡಿ ತಗೊಳ್ಳಿ. ರೈಡಿನ ಹಿಡಿಕೆಗೆ, ಬಾಗಿಲಿಗೆ ಸಿಕ್ಕಿಕೊಂಡರೆ ಕತ್ತು ಬಿಗಿಯೋದಿಲ್ಲ. ರೋಲರ್ ಕೋಸ್ಟರ್ ಹತ್ತೋ ಮುಂಚೆ ಪಟ್ಟಿನ ಅಜ್ಜಿಯ ಬ್ಯಾಗಿಗೆ ಹಾಕಿಬಿಡಿ.

ತುಂಗಾತೀರ:

ಪಿನ್ ಖರ್ಚಾಗೋದಿಲ್ಲ ಅನ್ನೋದು ಹೊಳೆದೇ ಇರಲಿಲ್ಲ, ತುಂಬಾ ಉಪಯೋಗ ಆಯ್ತು. ಹಾಗಾದರೆ ಹದಿನೈದು ಪಿನ್ ಸಾಕು. ಆ 50ರ ಪೊಟ್ಟಣದ ವಿಚಾರ?

ಪಿನ್ ಪೆಟ್ಟಿಗೆ:

ಕೊಳ್ಳಬೇಡಿ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ ಪೊಟ್ಟಣಗಳಲ್ಲಿ ಬರೋದು ಹೆಚ್ಚಿನ ಪಾಲು ಸ್ಕ್ರಾಪರ್. ಆರ್ಡರಿಗಿಂತ ಹೆಚ್ಚು ಒತ್ತಿದವು, ತಪಾಸಣೆಯಲ್ಲಿ ತಿರಸ್ಕೃತವಾಗಿ ನಾಶ ಆಗಬೇಕಿದ್ದವು, ಅಚ್ಚನ್ನೇ ನಕಲು ಮಾಡಿ ಬೇರೆಡೆ ಒತ್ತಿದವು, ಈ ಮೂರಕ್ಕೂ ಸೇರಿಸಿ ಅದೇ ಹೆಸರು. ಅಂಗಡಿಯಲ್ಲಿ ಹತ್ತು ಡಾಲರ್ ದಾಟೋ ಪಿನ್ ಇನ್ನೊಂದು ಕಡೆ ಅರವತ್ತು ಸೆಂಟಿಗೆ ಸಿಗೋದಕ್ಕೆ ಬೇರೆ ದಾರಿನೇ ಇಲ್ಲ. ಮಾರೋರು ಜಾಹೀರಾತಿನಲ್ಲಿ ‘ನೂರಕ್ಕೆ ನೂರು ಬದಲಾಯಿಸಬಹುದು’ ಅಂತ ಬರೆದಿರ್ತಾರೆ. ಕೌಂಟರಿನಲ್ಲಿ ಯಾರೂ ಭೂತಗನ್ನಡಿ ಹಿಡಿದು ನೋಡೋದಿಲ್ಲ, ಹಾಗಾಗಿ ಬದಲಾಯಿಸಬಹುದು ಅನ್ನೋದು ನಿಜ. ಆದರೆ ಅಸಲಿ ಅಂತ ಅವರು ಎಲ್ಲೂ ಹೇಳಿರೋದಿಲ್ಲ, ಗಮನಿಸಿ.

ಗುರುತಿಸೋ ರೀತಿ ಹೀಗಿದೆ. ಪಿನ್ ತಿರುಗಿಸಿ. ಇತ್ತೀಚಿನ ಬಹುಪಾಲು ಅಸಲಿ ಪಿನ್‌ಗಳ ಬೆನ್ನಿಗೆ ಸಣ್ಣ ಸಣ್ಣ ಮಿಕ್ಕಿ ತಲೆಗಳ ಜಾಲರಿ ಇರುತ್ತೆ. ಅಸಲಿಯಲ್ಲಿ ಆ ಜಾಲರಿ ಅಂಚಿನವರೆಗೂ ಓಡಿ ಅಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತೆ. ಎಷ್ಟೋ ನಕಲಿಗಳಲ್ಲಿ ಅಂಚಿನ ಸುತ್ತ ಒಂದು ಬೋಳು ಗೆರೆ ಉಳಿದಿರುತ್ತೆ, ಜಾಲರಿ ಅದರೊಳಗೇ ಮುಗಿಯುತ್ತೆ. ಆಮೇಲೆ ಕಡ್ಡಿಯ ಬುಡ ನೋಡಿ. ಪಿನ್ ತಿರುಗದ ಹಾಗೆ ಹಿಡಿಯೋಕೆ ಪಕ್ಕದಲ್ಲಿ ಸಣ್ಣ ಮೊಳೆಯಂಥ ಉಬ್ಬು ಇರುತ್ತೆ, ನಕಲಿಯಲ್ಲಿ ಅದು ಸವೆದ ಹಾಗೆ ಇರುತ್ತೆ ಇಲ್ಲ ಇರೋದೇ ಇಲ್ಲ. ಮುಂದಿನ ಮುಖದಲ್ಲಿ ಎನಾಮೆಲ್, ಅಂದರೆ ಬಣ್ಣದ ಗಟ್ಟಿ ಲೇಪ, ಗುಳಿ ಬಿದ್ದಿದೆಯಾ, ಬಣ್ಣ ಗೆರೆ ದಾಟಿದೆಯಾ, ಕಪ್ಪು ಚುಕ್ಕೆ ಇದೆಯಾ ನೋಡಿ. ಅಂಚಿನ ಮೇಲೆ ಉಗುರು ಓಡಿಸಿದರೆ ಅಸಲಿ ನುಣ್ಣಗಿರುತ್ತೆ, ನಕಲಿ ಗರಗರ ಅನ್ನುತ್ತೆ. ಅಸಲಿ ಪಿನ್ ಪಕ್ಕ ಇಟ್ಟು ನೋಡಿದರೆ ಬಣ್ಣದ ಛಾಯೆಯ ವ್ಯತ್ಯಾಸವೂ ಕಾಣಿಸುತ್ತೆ, ಹಗುರವಾಗಿರೋದೂ ಗೊತ್ತಾಗುತ್ತೆ. ಇವುಗಳಲ್ಲಿ ಒಂದೇ ಒಂದು ಕಂಡ ಮಾತ್ರಕ್ಕೆ ನಕಲಿ ಅಂತ ತೀರ್ಮಾನಿಸಬೇಡಿ. ಹಳೇ ಪಿನ್‌ಗಳಿಗೆ ಆ ಜಾಲರಿಯೇ ಇರಲಿಲ್ಲ. ಎರಡು ಮೂರು ಒಟ್ಟಿಗೆ ಕಂಡರೆ ಅನುಮಾನ ಬೇಡ.

ಹುಬ್ಬಳ್ಳಿ ಜಂಕ್ಷನ್:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾಲ್ಕು ವರ್ಷದ ಹುಡುಗನಿಗೆ ಅಸಲಿ ನಕಲಿ ಎಲ್ಲಿಂದ ಗೊತ್ತಾಗಬೇಕು? ಅವನಿಗೆ ಬೇಕಿರೋದು ಪ್ಲೂಟೊ ನಾಯಿ. ಇಡೀ ಕುಟುಂಬ ಟಿಕೆಟ್, ಹೋಟೆಲ್, ಊಟ ಅಂತ ಆಗಲೇ ಇಷ್ಟು ಸುರಿದಿರುತ್ತೆ. ಮೇಲೆ ಪಿನ್ನಿಗೆ ಇನ್ನೂರು ಡಾಲರ್ ಹಾಕಿ ಅನ್ನೋದು ಎಲ್ಲರಿಗೂ ಆಗೋ ಮಾತಲ್ಲ. ಅಲ್ಲಿನ ಬೋರ್ಡಿನಲ್ಲೇ ಅರ್ಧಕ್ಕರ್ಧ ನಕಲಿ ತುಂಬಿರುವಾಗ ನಾವೊಬ್ಬರು ಅಸಲಿ ಕೊಟ್ಟು ನಕಲಿ ತಗೊಂಡು ಬಂದರೆ ಏನು ಸಾಧಿಸಿದ ಹಾಗಾಯ್ತು?

ಪಿನ್ ಪೆಟ್ಟಿಗೆ:

ಖರ್ಚಿನ ಮಾತು ಒಪ್ಪುತ್ತೀನಿ, ಅದಕ್ಕೆ ದಾರಿ ಇದೆ, ಕೆಳಗೆ ಹೇಳ್ತೀನಿ. ಆದರೆ ಬೋರ್ಡ್ ನಕಲಿಯಿಂದ ತುಂಬಿದ್ದು ಹೇಗೆ? ಪ್ರತಿ ಕುಟುಂಬವೂ ಇದೇ ಲೆಕ್ಕ ಹಾಕಿ ಒಂದೊಂದು ಪೊಟ್ಟಣ ತಂದು ಸುರಿದಿದ್ದರಿಂದ. ಹಿಂದೆ ನಿಂತ ಮಗು ಅಂಗಡಿಯಲ್ಲಿ ಕೊಂಡ ತನ್ನ ಪಿನ್ ಕೊಟ್ಟು ನಿಮ್ಮ ಅರವತ್ತು ಸೆಂಟಿನದನ್ನ ತಗೊಂಡು ಹೋಗುತ್ತೆ. ನಷ್ಟ ಡಿಸ್ನಿಗಲ್ಲ, ಆ ಮಗುವಿಗೆ. ಎಂಟು ವರ್ಷದವಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಇಬ್ಬರು ಮಕ್ಕಳು ಎದುರುಬದುರು ನಿಂತು ಬದಲಾಯಿಸೋ ಆಟದಲ್ಲಿ, ನಮ್ಮ ಕೈಲಿರೋದು ಕೊಡಲು ಯೋಗ್ಯವಾದದ್ದಾಗಿರಬೇಕು ಅನ್ನೋದನ್ನ ಬಿಟ್ಟರೆ ಉಳಿಯೋದೇನು?

ಈಗ ಕಡಿಮೆ ಖರ್ಚಿನ ದಾರಿ. ಒಂದು, ಬೂಸ್ಟರ್ ಪ್ಯಾಕ್. ನಾಲ್ಕೈದು ಪಿನ್ ಒಟ್ಟಿಗೆ ಬರ್ತವೆ, ಬಿಡಿ ಪಿನ್ನಿಗಿಂತ ತಲಾ ಬೆಲೆ ಕಡಿಮೆ. ಬದಲಾಯಿಸೋಕೆ ಇದೇ ಸರಿಯಾದದ್ದು. ಎರಡು, ಲ್ಯಾನ್ಯಾರ್ಡ್ ಜೊತೆ ಕೆಲವು ಪಿನ್ ಸೇರಿರೋ ಆರಂಭದ ಸೆಟ್. ಪಟ್ಟಿಗೆ ಬೇರೆ ದುಡ್ಡು ಕೊಡೋದು ತಪ್ಪುತ್ತೆ. ಮೂರು, ಆರ್ಲ್ಯಾಂಡೊದ ಔಟ್‌ಲೆಟ್ ಮಾಲ್‌ಗಳಲ್ಲಿರೋ ಡಿಸ್ನಿಯದೇ ಕ್ಯಾರೆಕ್ಟರ್ ವೇರ್‌ಹೌಸ್. ಪಾರ್ಕಿನಲ್ಲಿ ಉಳಿದ ಮಾಲು ರಿಯಾಯಿತಿಗೆ ಬರುತ್ತೆ, ಪಿನ್ನೂ ಇರುತ್ತವೆ, ಆದರೆ ಯಾವ ದಿನ ಏನಿರುತ್ತೆ ಅನ್ನೋದಕ್ಕೆ ಖಾತ್ರಿ ಇಲ್ಲ. ಪಾರ್ಕಿಗೆ ಹೋಗೋ ಹಿಂದಿನ ದಿನ ಒಮ್ಮೆ ಹೊಕ್ಕು ನೋಡಿ. ಬೆಲೆ ಹೆಚ್ಚಾದರೂ ಆಯ್ಕೆ ದೊಡ್ಡದಿರಬೇಕು ಅಂದರೆ ಡಿಸ್ನಿಯ ಅಂಗಡಿ ಬೀದಿ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಪಿನ್ ಟ್ರೇಡರ್ಸ್ ಅಂಗಡಿ ಇದೆ, ಅಲ್ಲಿಗೆ ಪಾರ್ಕ್ ಟಿಕೆಟ್ ಬೇಕಿಲ್ಲ.

ಹದಿನೈದು ಪಿನ್ ಅಂದರೆ ಹೀಗೆ ಸೇರಿಸಿದಾಗ ಇನ್ನೂರು ಡಾಲರ್ ಆಗೋದಿಲ್ಲ. ಬೇರೆ ಆಟಿಕೆ, ಟೀ ಶರ್ಟ್ ಕೊಡಿಸೋ ದುಡ್ಡನ್ನೇ ಇದಕ್ಕೆ ತಿರುಗಿಸಿ ಅಂತ ಮಕ್ಕಳಿಗೆ ಮನೆಯಲ್ಲೇ ಹೇಳಿ ಒಪ್ಪಿಸಿದರೆ ಇನ್ನೂ ಒಳ್ಳೇದು.

ಹುಬ್ಬಳ್ಳಿ ಜಂಕ್ಷನ್:

ಹಿಂದೆ ನಿಂತ ಮಗುವಿನ ಮಾತು ಸರಿ ಇದೆ. ಬೂಸ್ಟರ್ ಪ್ಯಾಕ್ ಲೆಕ್ಕ ಒಪ್ಪಿದೆ.

ಡಲ್ಲಾಸ್ ಕನ್ನಡತಿ:

ತುಂಗಾತೀರ ಅವರೇ, ಮಗಳ ಜೊತೆ ಹೊರಡೋ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ. ಇದನ್ನ ಬಿಟ್ಟರೆ ಮೊದಲ ದಿನವೇ ಅಳು.

ಪಿನ್‌ಗಳನ್ನ ಎರಡು ಗುಂಪು ಮಾಡಿಸಿ: ಕೊಡೋವು, ಇಟ್ಟುಕೊಳ್ಳೋವು. ಅವಳೇ ಮಾಡಲಿ. ಇಟ್ಟುಕೊಳ್ಳೋ ಪಿನ್ ಪಟ್ಟಿಗೆ ಹೋಗಬಾರದು. ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಬೇರೆ ಮಕ್ಕಳು ಕೇಳ್ತಾರೆ, ಕೇಳಿದಾಗ ಇಲ್ಲ ಅನ್ನೋಕೆ ಮಕ್ಕಳಿಗೆ ಕಷ್ಟ, ಕೊಟ್ಟ ಮೇಲೆ ವಾಪಸ್ ಕೇಳೋ ಪದ್ಧತಿ ಇಲ್ಲ. ಪಟ್ಟಿಯಲ್ಲಿ ಇದ್ದದ್ದೆಲ್ಲ ಕೊಡೋಕೇ ಇರೋದು ಅಂತ ಒಂದೇ ನಿಯಮ ಇಟ್ಟುಕೊಂಡರೆ ಗೊಂದಲವೇ ಇರೋದಿಲ್ಲ. ಹೊಸದಾಗಿ ಸಿಕ್ಕಿದ್ದು ತುಂಬಾ ಇಷ್ಟವಾದರೆ ಅಲ್ಲಿಂದಲ್ಲೇ ಜಿಪ್ ಚೀಲಕ್ಕೆ. ಪಟ್ಟಿಗೆ ಹಾಕೋ ಮುಂಚೆ ಪ್ರತಿ ಪಿನ್ನಿನ ಬೆನ್ನು ನೀವು ಒಮ್ಮೆ ನೋಡಿ. ‘ಲಿಮಿಟೆಡ್ ಎಡಿಷನ್’ ಅಂತ ಬರೆದು ಸಂಖ್ಯೆ ಇದ್ದರೆ ಅದು ಮಿತ ಸಂಖ್ಯೆಯಲ್ಲಿ ಮಾಡಿದ್ದು, ಕೊಡೋ ಗುಂಪಿಗೆ ಬೇಡ.

ಎರಡನೇದು, ಒಂದು ಗುರಿ. ಎಲ್ಲ ಚೆನ್ನಾಗಿದೆ ಅಂತ ತಗೋತಾ ಹೋದರೆ ಎರಡನೇ ದಿನಕ್ಕೆ ಬೇಸರ ಬರುತ್ತೆ. ನಾಯಿಗಳು ಮಾತ್ರ, ರೈಲುಗಳು ಮಾತ್ರ, ನೀಲಿ ಬಣ್ಣದವು ಮಾತ್ರ, ಹೀಗೆ ಏನಾದರೂ ಅವಳೇ ಆರಿಸಲಿ. ಎಂಟು ವರ್ಷದವರಿಗೆ ಹಿಡನ್ ಮಿಕ್ಕಿ ಪಿನ್‌ಗಳು ಬಹಳ ಚೆನ್ನಾಗಿ ಹೊಂದುತ್ತವೆ. 2002ರಿಂದ ಬರ್ತಿರೋ ಸಾಲು ಅದು. ಪಿನ್ನಿನ ಮುಖದಲ್ಲೇ ಎಲ್ಲೋ ಒಂದು ಕಡೆ ಪುಟ್ಟ ಮಿಕ್ಕಿ ತಲೆ ಅಡಗಿರುತ್ತೆ, ಅದನ್ನ ಹುಡುಕೋದೇ ಒಂದು ಆಟ. ಒಂದೇ ವಿಷಯದ ಐದಾರು ಪಿನ್ ಸೇರಿ ಒಂದು ಸೆಟ್ ಆಗುತ್ತೆ. ಒಂದು ಸಿಕ್ಕರೆ ಉಳಿದವನ್ನ ಬೋರ್ಡಿನಿಂದ ಬೋರ್ಡಿಗೆ ಹುಡುಕಬಹುದು. ಹೆಚ್ಚು ನಕಲಿಯಾಗಿರೋದೂ ಇದೇ ಸಾಲು, ಪಿನ್ ಪೆಟ್ಟಿಗೆಯವರು ಹೇಳಿದ ಹಾಗೆ ಬೆನ್ನು ತಿರುಗಿಸಿ ನೋಡೋ ಅಭ್ಯಾಸ ಅವಳಿಗೇ ಮಾಡಿಸಿ.

ಮಗಳು ಸಂಕೋಚದವಳಾ? ಹಾಗಿದ್ದರೆ ‘ಮೇ ಐ ಸೀ ಯುವರ್ ಪಿನ್ಸ್, ಪ್ಲೀಸ್’ ಅನ್ನೋ ಒಂದು ವಾಕ್ಯ ಮನೆಯಲ್ಲಿ ಅಜ್ಜನ ಕತ್ತಿಗೆ ಪಟ್ಟಿ ಹಾಕಿ ಅಭ್ಯಾಸ ಮಾಡಿಸಿ. ನೋಡಿ, ಬೆರಳು ತೋರಿಸಿ, ತನ್ನದನ್ನ ಬಿಚ್ಚಿ, ಬಿರಡೆ ಹಾಕಿ, ಕೊಟ್ಟು, ಪಡೆದು, ಥ್ಯಾಂಕ್ಯೂ ಹೇಳೋವರೆಗೂ ಪೂರ್ತಿ. ನೋಡಿದ ಮೇಲೆ ಯಾವುದೂ ಬೇಡ ಅನಿಸಿದರೆ ಥ್ಯಾಂಕ್ಯೂ ಹೇಳಿ ಹೊರಡಬಹುದು ಅನ್ನೋದನ್ನೂ ಹೇಳಿಕೊಡಿ. ನೋಡಿದ ತಪ್ಪಿಗೆ ತಗೋಲೇಬೇಕು ಅಂತ ಎಷ್ಟೋ ಮಕ್ಕಳು ಅಂದುಕೊಂಡಿರ್ತಾರೆ.

ತುಂಗಾತೀರ:

ಸಂಕೋಚ ಇದೆ ಮೇಡಂ. ಮಾವನವರಿಗೆ ಈ ಅಭ್ಯಾಸದ ಕೆಲಸ ಖಂಡಿತ ಇಷ್ಟ ಆಗುತ್ತೆ. ಕ್ಯೂ ಇದ್ದಾಗ ಕೇಳಬಹುದಾ?

ಕೆಂಗೇರಿ ಗೇಟ್:

ಬಿಲ್ ಹಾಕ್ತಿರೋವಾಗ, ರೈಡ್ ನಡೆಸ್ತಿರೋವಾಗ, ಮೆರವಣಿಗೆಗೆ ಜನ ಸರಿಸ್ತಿರೋವಾಗ ಬೇಡ. ಬೆಳಿಗ್ಗೆ ಪಾರ್ಕ್ ತೆರೆದ ಹೊಸತರಲ್ಲಿ ಎಲ್ಲರೂ ರೈಡಿಗೆ ಓಡ್ತಾರೆ, ಅಂಗಡಿ ಖಾಲಿ ಇರುತ್ತೆ, ಆಗ ಬೋರ್ಡ್ ನೆಮ್ಮದಿಯಾಗಿ ನೋಡಬಹುದು. ಮಧ್ಯಾಹ್ನದ ಬಿಸಿಲಿಗೂ ಅಂಗಡಿಯ ಏಸಿ ಚೆನ್ನ, ಹಿರಿಯರು ಕೂತು ಸುಧಾರಿಸಿಕೊಳ್ಳೋ ಹೊತ್ತಿಗೆ ಮಕ್ಕಳದ್ದು ಒಂದು ಸುತ್ತು ಮುಗಿಯುತ್ತೆ.

ಧಾರವಾಡ ಪೇಢಾ:

ದೊಡ್ಡ ದೊಡ್ಡ ಚೀಲ ಬಿಚ್ಚಿಕೊಂಡು ಬೆಂಚಿನ ಮ್ಯಾಲ ಕುಂತ ದೊಡ್ಡವ್ರ ವಿಷಯ ಯಾರರ ಹೇಳ್ರಿ. ಅಲ್ಲೇ ಹುಡುಗರು ಸಿಕ್ಕಿಬೀಳೂದು.

ಡಲ್ಲಾಸ್ ಕನ್ನಡತಿ:

ಹೌದು, ಹೇಳಲೇಬೇಕು. ಚೀಲದ ತುಂಬ ಪಿನ್ ಇಟ್ಟುಕೊಂಡು ಬರೋ ವಯಸ್ಕರಲ್ಲಿ ಹೆಚ್ಚಿನವರು ಒಳ್ಳೆಯವರೇ, ಮಕ್ಕಳನ್ನ ಕಂಡರೆ ಖುಷಿಯಿಂದ ಚೀಲದೊಳಗಿನ ಪಿನ್ ಚುಚ್ಚಿದ ಪುಟ ತಿರುಗಿಸಿ ತೋರಿಸ್ತಾರೆ. ಆದರೆ ಕೆಲವರ ಕಣ್ಣು ಮಗುವಿನ ಪಟ್ಟಿಯ ಮೇಲೇ ಇರುತ್ತೆ. ‘ನಿನ್ನ ಆ ಒಂದಕ್ಕೆ ನನ್ನ ಮೂರು’ ಅಂತಾರೆ. ಮಗುವಿಗೆ ಮೂರು ದೊಡ್ಡದು. ಆ ಒಂದು ಸಂಖ್ಯೆ ಇರೋ ಪಿನ್, ಈ ಮೂರು ಸ್ಕ್ರಾಪರ್ ಆಗಿರಬಹುದು. ಕಾಸ್ಟ್ ಮೆಂಬರ್‌ಗೆ ಇರೋ ಕಟ್ಟುಪಾಡು ಇವರಿಗೆ ಇಲ್ಲ, ಇದು ಇಬ್ಬರು ಪ್ರವಾಸಿಗರ ನಡುವಿನ ಒಪ್ಪಂದ ಅಷ್ಟೇ.

ಮಗುವಿಗೆ ಒಂದು ಉತ್ತರ ಕಲಿಸಿಡಿ: ‘ಅಮ್ಮನ್ನ ಕೇಳಿ ಹೇಳ್ತೀನಿ.’ ಅವರು ಒಳ್ಳೆಯವರಾದರೆ ಕಾಯ್ತಾರೆ. ಈಗಲೇ ಆಗಬೇಕು ಅಂದರೆ ಅಲ್ಲಿಂದ ಎದ್ದುಬನ್ನಿ. ಮೊದಲ ಪ್ರವಾಸದಲ್ಲಿ ಕಾಸ್ಟ್ ಮೆಂಬರ್, ಬೋರ್ಡ್, ಇನ್ನೊಂದು ಮಗು, ಈ ಮೂರಕ್ಕೇ ನಿಲ್ಲಿಸಿ. ಜಂಬೂರಿಗಳಲ್ಲಿ ಸ್ಕೌಟ್ ಮಕ್ಕಳು ಬ್ಯಾಡ್ಜ್ ಬದಲಾಯಿಸುವಾಗಲೂ ಮಕ್ಕಳು ಮಕ್ಕಳ ಜೊತೆ, ದೊಡ್ಡವರು ದೊಡ್ಡವರ ಜೊತೆ ಅಂತ ಒಂದು ಕಟ್ಟುಪಾಡಿದೆ. ಪಿನ್ನಿಗೂ ಅದೇ ಸರಿ.

ಮಕ್ಕಳಿಬ್ಬರೇ ಬದಲಾಯಿಸ್ತಿದ್ದರೆ ಮಾತ್ರ ನೀವು ಬೆಲೆಯ ಮಾತು ತೆಗೀಬೇಡಿ. ಹದಿನೈದು ಡಾಲರಿಂದು ಕೊಟ್ಟು ಎಂಟು ಡಾಲರಿಂದು ತಗೊಂಡಳು ಅಂತ ಪಕ್ಕದಲ್ಲಿ ಲೆಕ್ಕ ಹಾಕೋಕೆ ಹೋದರೆ ಅವಳು ಮುಂದಿನ ಸಲ ಪಿನ್ ನೋಡೋದಿಲ್ಲ, ನಿಮ್ಮ ಮುಖ ನೋಡ್ತಾಳೆ. ಅವಳು ಇಷ್ಟಪಟ್ಟು ಆರಿಸಿದ್ದು ಅವಳದ್ದು.

ಕರಾವಳಿ ಅಕ್ಕ:

ನಾಲ್ಕು ವರ್ಷದವನ ಬಗ್ಗೆ. ಮೂರು ವರ್ಷದ ಕೆಳಗಿನವರಿಗೆ ಪಿನ್ ಕೊಡಲೇಬಾರದು. ಮೊನೆಗಿಂತ ಹೆಚ್ಚಿನ ಅಪಾಯ ಆ ಸಣ್ಣ ರಬ್ಬರ್ ಬಿರಡೆಯದ್ದು, ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕೀತು. ನಾಲ್ಕಕ್ಕೂ ಎಲ್ಲ ಮಕ್ಕಳೂ ತಯಾರಿರೋದಿಲ್ಲ. ಬಿರಡೆ ಬಿಚ್ಚೋದು ಹಾಕೋದು ನಿಮ್ಮ ಕೆಲಸ, ಆರಿಸೋದು, ಕೈಯಿಂದ ಕೈಗೆ ಕೊಡೋದು ಅವನ ಕೆಲಸ, ಹಾಗೆ ಹಂಚಿಕೊಳ್ಳಿ. ಕಾರಿನಲ್ಲಿ ನಿದ್ದೆ ಮಾಡೋವಾಗ ಪಟ್ಟಿ ಕತ್ತಿನಲ್ಲಿ ಬೇಡ.

ಬಿಡೋಕೇ ಒಪ್ಪದ ಮಗು ಆದರೆ ಬಲವಂತ ಬೇಡ ಮಾರಾಯ್ರೇ. ಬೂಸ್ಟರ್ ಪ್ಯಾಕಿನಿಂದ ಅವನಿಗೆ ಇಷ್ಟವಿಲ್ಲದ ಎರಡು ಪಿನ್ ಹುಡುಕಿ ಅವನ್ನೇ ಕೊಡೋಕೆ ಇಡಿ. ಅಕ್ಕನ ಹತ್ತಿರ ಒಂದು, ತಮ್ಮನ ಹತ್ತಿರ ಒಂದು ಅಂತ ಸಂಖ್ಯೆ ಸಮ ಇರಲಿ, ಚಿತ್ರ ಒಂದೇ ಇರಬೇಕಿಲ್ಲ. ಇಬ್ಬರೂ ಒಂದೇ ಪಿನ್ನಿಗೆ ಕೈ ಹಾಕಿದರೆ ಬೆಳಿಗ್ಗೆ ಒಬ್ಬರಿಗೆ, ಮಧ್ಯಾಹ್ನ ಇನ್ನೊಬ್ಬರಿಗೆ ಮೊದಲ ಆಯ್ಕೆ.

ಕೆಂಗೇರಿ ಗೇಟ್:

ಬಿರಡೆ ಬಗ್ಗೆ ಒಂದು ಮಾತು. ಮಿಕ್ಕಿ ಆಕಾರದ ರಬ್ಬರ್ ಬಿರಡೆ ಬದಲಾಯಿಸೋಕೆ ಅನುಕೂಲ, ಆದರೆ ಹಳೇದಾದಂತೆ ರಂಧ್ರ ಸಡಿಲವಾಗಿ ಜಾರುತ್ತೆ. ಹತ್ತಿಪ್ಪತ್ತು ಹೆಚ್ಚುವರಿ ಚೀಲದಲ್ಲಿರಲಿ. ಸಣ್ಣ ಅಲೆನ್ ಕೀಲಿಯಿಂದ ಬಿಗಿ ಮಾಡೋ ಲಾಕಿಂಗ್ ಬಿರಡೆ ಸಿಗುತ್ತೆ, ಕಳೆದುಹೋಗಬಾರದು ಅನ್ನೋ ಪಿನ್ನಿಗೆ ಅದು. ಕೊಡೋ ಪಿನ್ನಿಗೆ ಹಾಕಿದರೆ ಕೌಂಟರಿನ ಮುಂದೆ ಕೀಲಿ ಹುಡುಕ್ತಾ ನಿಲ್ಲಬೇಕು. ಕಡ್ಡಿ ಬಾಗಿದ್ದರೆ ಒಂದೇ ಸಲ ನೆಟ್ಟಗೆ ಮಾಡೋಕೆ ಹೋಗಬೇಡಿ, ಬೆಸುಗೆ ಬಿಟ್ಟು ಬುಡದಲ್ಲೇ ಕಿತ್ತುಬರುತ್ತೆ. ಬುಡವನ್ನ ಬೆರಳಿನಿಂದ ಒತ್ತಿ ಹಿಡಿದು ಚಿಕ್ಕ ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಕಾವೇರಿ ಕಣಿವೆ:

ಡಿಸ್ನಿಗೆ ಹೋಗದ ಕುಟುಂಬಗಳೂ ಇದನ್ನ ಓದ್ತಿರಬಹುದು, ಅವರಿಗಾಗಿ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುತೇಕ ಎಲ್ಲ ಸಂದರ್ಶಕ ಕೇಂದ್ರಗಳಲ್ಲೂ ಆ ಉದ್ಯಾನದ ಪಿನ್ ಸಿಗುತ್ತೆ. ಬದಲಾಯಿಸೋ ಪದ್ಧತಿ ಇಲ್ಲ, ಸಂಗ್ರಹ ಮಾತ್ರ. ಕೊಡೋಕೆ ಮನಸ್ಸಿಲ್ಲದ ಮಕ್ಕಳಿಗೆ ಇದೇ ಒಳ್ಳೆಯ ಶುರು. ಜೊತೆಗೆ ಜೂನಿಯರ್ ರೇಂಜರ್ ಕಾರ್ಯಕ್ರಮ ಇದೆ: ಚಟುವಟಿಕೆ ಪುಸ್ತಕ ತುಂಬಿಸಿ ರೇಂಜರ್‌ಗೆ ತೋರಿಸಿದರೆ ಪ್ರಮಾಣವಚನ ಮಾಡಿಸಿ ಬ್ಯಾಡ್ಜ್ ಕೊಡ್ತಾರೆ. ಒಂದು ಉದ್ಯಾನಕ್ಕೆ ಒಂದು ಪಿನ್, ಅದೂ ಬ್ಯಾಡ್ಜ್ ಗಳಿಸಿದ ಮೇಲೆ ಅಂತ ನಿಯಮ ಇಟ್ಟರೆ ಪಿನ್ನಿಗೆ ತೂಕ ಬರುತ್ತೆ.

ಪೆನ್ಸಿಲ್ವೇನಿಯಾದ ಸೌತ್ ವಿಲಿಯಮ್ಸ್‌ಪೋರ್ಟ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯೋ ಮಕ್ಕಳ ಪಂದ್ಯಾವಳಿ ಲಿಟಲ್ ಲೀಗ್ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಮಕ್ಕಳದ್ದೇ ಪಿನ್ ಸಂತೆ. ಟವಲಿನ ಮೇಲೆ ಪಿನ್ ಚುಚ್ಚಿ ಹರಡಿಕೊಂಡು ಕೂರ್ತಾರೆ. ಕಾಸ್ಟ್ ಮೆಂಬರ್ ಥರ ಎಲ್ಲಕ್ಕೂ ಹೂಂ ಅನ್ನೋರು ಅಲ್ಲಿಲ್ಲ, ಚೌಕಾಸಿ ಇರುತ್ತೆ. ಹತ್ತು ವರ್ಷ ದಾಟಿದವರಿಗೆ ಸರಿ.

ಒಲಿಂಪಿಕ್ಸ್‌ನದ್ದು ಎಲ್ಲಕ್ಕಿಂತ ಹಳೇ ಪರಂಪರೆ. 1896ರ ಅಥೆನ್ಸ್‌ನಲ್ಲಿ ಕ್ರೀಡಾಪಟುಗಳನ್ನ, ತೀರ್ಪುಗಾರರನ್ನ ಗುರುತಿಸೋಕೆ ಕೊಟ್ಟ ರಟ್ಟಿನ ಬಿಲ್ಲೆಗಳಿಂದ ಶುರುವಾದದ್ದು. 1988ರ ಕ್ಯಾಲ್ಗರಿ ಚಳಿಗಾಲದ ಕೂಟದಲ್ಲಿ ಕೋಕಾ ಕೋಲಾ ಕಂಪನಿ ಪಿನ್ ಬದಲಾಯಿಸೋಕೆ ಅಂತಲೇ ಕೇಂದ್ರ ತೆರೀತು. 2028ರ ಜುಲೈನಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆಯೋ ಕೂಟಕ್ಕೆ ಕ್ಯಾಲಿಫೋರ್ನಿಯಾದ ಕನ್ನಡಿಗರು ಮಕ್ಕಳನ್ನ ಈಗಿಂದಲೇ ತಯಾರು ಮಾಡಬಹುದು. ಟಿಕೆಟ್ ಇಲ್ಲದಿದ್ದರೂ ಕ್ರೀಡಾಂಗಣದ ಹೊರಗಿನ ಬೀದಿಯಲ್ಲೇ ವಿನಿಮಯ ನಡೆಯುತ್ತೆ.

ತುಂಗಾತೀರ:

ಮಾವನವರು ಒಂದು ಪ್ರಶ್ನೆ ಕೇಳಿದರು. ರಾಜ್ಯೋತ್ಸವಕ್ಕೆ ಮಾರೋ ಹಳದಿ ಕೆಂಪು ಬಾವುಟದ ಪಿನ್ ಒಂದಿಷ್ಟು ತಂದರೆ ಮಕ್ಕಳು ಬದಲಾಯಿಸಬಹುದಾ ಅಂತ.

ಕಾವೇರಿ ಕಣಿವೆ:

ಡಿಸ್ನಿ ಬೋರ್ಡಿನಲ್ಲಿ ಆಗೋದಿಲ್ಲ, ಅವರ ಗುರುತು ಇರಲೇಬೇಕು. ಆದರೆ ತರೋಕೆ ಖಂಡಿತ ಹೇಳಿ. ತುಂಬಾ ಚೆನ್ನಾಗಿ ಮಾತಾಡಿಸಿದ ಕಾಸ್ಟ್ ಮೆಂಬರ್‌ಗೆ, ಜೊತೆಗೆ ಆಡಿದ ಮಗುವಿಗೆ ಬದಲಿಗೆ ಏನೂ ಕೇಳದೆ ಕೊಡಬಹುದು. ಒಲಿಂಪಿಕ್ಸ್ ಥರದ ಕಡೆ ಅಂತೂ ಬೇರೆಲ್ಲೂ ಸಿಗದ ಪಿನ್ನಿಗೇ ಬೇಡಿಕೆ, ಕರ್ನಾಟಕದ ಬಾವುಟ ಹಿಡಿದು ನಿಂತರೆ ‘ಇದು ಯಾವ ದೇಶ’ ಅಂತ ಕೇಳ್ಕೊಂಡೇ ಬರ್ತಾರೆ. ಉತ್ತರ ಹೇಳೋಕೆ ಮಕ್ಕಳಿಗೆ ಎರಡು ವಾಕ್ಯ ಕಲಿಸಿಡಿ.

ಆರಿಸುವಾಗ ಗಮನಿಸಿ: ಹಿಂದೆ ಸೇಫ್ಟಿ ಪಿನ್ ಅಂಟಿಸಿದ ತಗಡಿನವು, ಆಯಸ್ಕಾಂತದವು ಪಟ್ಟಿಯಲ್ಲಿ ನಿಲ್ಲೋದಿಲ್ಲ. ನೇರ ಕಡ್ಡಿ, ಬಿರಡೆ ಇರೋ ಲೋಹದ್ದು ಬೇಕು. ಅಂಥದ್ದು ಸಿಗದಿದ್ದರೆ ಶಾಲಾ ಬ್ಯಾಡ್ಜ್ ಮಾಡುವವರ ಹತ್ತಿರ ಮಾಡಿಸಬಹುದು. ಅಚ್ಚಿನ ಖರ್ಚು ಒಂದೇ ಸಲದ್ದು, ಹಾಗಾಗಿ ಐವತ್ತಕ್ಕಿಂತ ಕಡಿಮೆ ಮಾಡಿಸಿದರೆ ತಲಾ ದುಬಾರಿ ಬೀಳುತ್ತೆ. ಎರಡು ಮೂರು ಮನೆಯವರು ಸೇರಿ ಮಾಡಿಸಿ. ಸಾಫ್ಟ್ ಎನಾಮೆಲ್‌ನಲ್ಲಿ ಬಣ್ಣ ಗೆರೆಗಿಂತ ತಗ್ಗಿನಲ್ಲಿ ಕೂರುತ್ತೆ, ಬೆರಳಿಗೆ ಉಬ್ಬುತಗ್ಗು ಸಿಗುತ್ತೆ, ಅಗ್ಗ. ಹಾರ್ಡ್ ಎನಾಮೆಲ್ ಸಮತಟ್ಟಾಗಿ ಉಜ್ಜಿದ್ದು, ಗೀರು ಬೀಳೋದು ಕಡಿಮೆ. ಬದಲಾಯಿಸೋಕೆ ಸಾಫ್ಟ್ ಸಾಕು. ಅಗಲ ಒಂದು ಇಂಚಿನಿಂದ ಒಂದೂವರೆ ಇಂಚು, ಅದಕ್ಕಿಂತ ದೊಡ್ಡದಾದರೆ ಪಟ್ಟಿಯಲ್ಲಿ ತಿರುಗುತ್ತೆ.

ಕರಾವಳಿ ಅಕ್ಕ:

ಊರಿಗೆ ತಂದ ಮೇಲಿನ ಮಾತು ಯಾರೂ ಹೇಳಿಲ್ಲ. ನಮ್ಮ ಮಂಗಳೂರು ಉಡುಪಿ ಕಡೆಯ ಮಳೆಗಾಲಕ್ಕೆ ಪಿನ್ನಿನ ಕಡ್ಡಿಯ ಮೇಲೆ ಹಸಿರು ಕಿಲುಬು ಹತ್ತುತ್ತದೆ. ಗೋಡೆಯ ಬೋರ್ಡಿಗೆ ಚುಚ್ಚಿಡುವುದಾದರೆ ಹೊರಗೋಡೆ ಬೇಡ, ಒಳಗೋಡೆಗೆ ತೂಗುಹಾಕಿ. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಡಬ್ಬದಲ್ಲಿ ಇಡುವುದಾದರೆ ಫೋಮ್ ಹಾಳೆಗೆ ಚುಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಮುಚ್ಚಳ ಬಿಗಿ ಇರಲಿ. ಅಂಟಂಟಾದ ಪಿವಿಸಿ ಪ್ಲಾಸ್ಟಿಕ್ ಕವರು ಬೇಡ, ಕಾಲಾನಂತರ ಲೋಹಕ್ಕೆ ಹಿಡಿಯುತ್ತದೆ. ಪಿನ್ ಒಂದರ ಮೇಲೊಂದು ರಾಶಿ ಹಾಕಿದರೆ ಒಂದರ ಮೊನೆ ಇನ್ನೊಂದರ ಎನಾಮೆಲ್ ಗೀರುತ್ತದೆ.

ಹೊಳಪು ಬರಲಿ ಅಂತ ಅಜ್ಜಿಯರು ಹುಣಸೆಹುಳಿ, ಪೀತಾಂಬರಿ ಪುಡಿ ಹಿಡಿದು ಕೂತರೆ ಪ್ರೀತಿಯಿಂದಲೇ ತಡೆಯಿರಿ. ದೀಪದ ಹಿತ್ತಾಳೆ ಗಟ್ಟಿ ಲೋಹ. ಇದು ಮೇಲೆ ತೆಳುವಾಗಿ ಲೇಪ ಮಾಡಿದ್ದು, ಉಜ್ಜಿದರೆ ಲೇಪವೇ ಹೋಗುತ್ತದೆ. ಒಣ ಮೆತ್ತನೆ ಬಟ್ಟೆ, ಕೊಳೆ ಜಾಸ್ತಿ ಇದ್ದರೆ ಸ್ವಲ್ಪ ತೇವ ಮಾಡಿ ಒರೆಸಿ ಕೂಡಲೇ ಒಣಗಿಸಿ. ಅಷ್ಟೇ.

ಮಗಳಿಗೆ ಒಂದು ಸಣ್ಣ ಪುಸ್ತಕ ಕೊಡಿ: ಯಾವ ಪಿನ್, ಎಲ್ಲಿ ಸಿಕ್ಕಿತು, ಯಾವುದನ್ನು ಕೊಟ್ಟು ತಗೊಂಡಳು. ರಾತ್ರಿ ಹೋಟೆಲಿನಲ್ಲಿ ಹತ್ತು ನಿಮಿಷದ ಕೆಲಸ. ಕನ್ನಡದಲ್ಲೇ ಬರೆಯಲಿ, ಅಜ್ಜಿಗೆ ಓದಿ ಹೇಳಲಿ. ತಮ್ಮ ಚಿತ್ರ ಬಿಡಿಸಬಹುದು.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ವಿಮಾನದಲ್ಲಿ ಪಿನ್ ಎಲ್ಲಿ ಇಡೋದು?

ಕೆಂಗೇರಿ ಗೇಟ್:

ಅಮೆರಿಕದೊಳಗಿನ ವಿಮಾನವಾದರೆ ಕೈಚೀಲದಲ್ಲೇ ಇಡಿ, ಲಗೇಜ್ ಕಳೆದರೂ ಪಿನ್ ಉಳಿಯುತ್ತೆ. ಲೋಹದ ರಾಶಿ ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣೋದರಿಂದ ಬ್ಯಾಗ್ ಬಿಚ್ಚಿಸಬಹುದು. ಎಲ್ಲವನ್ನೂ ಒಂದೇ ಪಾರದರ್ಶಕ ಡ‌ಬ್ಬದಲ್ಲಿ ಹಾಕಿ ಮೇಲ್ಗಡೆ ಇಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಮಕ್ಕಳ ಕತ್ತಿನ ಪಟ್ಟಿ ತಪಾಸಣೆಗೆ ಮುಂಚೆ ತೆಗೆಸಿ ಟ್ರೇಗೆ ಹಾಕಿ. ಆಚೆ ಬದಿಯಲ್ಲಿ ವಾಪಸ್ ತಗೋಳೋದನ್ನ ಅಜ್ಜಿಗೆ ಒಪ್ಪಿಸಿ.